ತ್ಯಾಗರಾಜರಿಗೆ ಡ್ರಮ್ ಬೇಕೇ?

'ಪ್ರೊಗ್ರೆಸಿವ್ ರಾಕ್' ಎಂದರೆ ನಮ್ಮಂಥ ಗೃಹಿಣಿಯರು ಹೆದರಬೇಕಾಗಿಲ್ಲ. 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಬೆಳೆದ ಸಂಗೀತ ಅದು. ಮೂರು ನಿಮಿಷದ ಹಾಡಿನ ಬದಲು ಉದ್ದದ ರಚನೆ, ನಡುನಡುವೆ ಬದಲಾಗುವ ನಡೆ, ವಾದ್ಯಗಳಿಗೆ ಬೇಕಾದಷ್ಟು ಜಾಗ. ಆಲಾಪನೆ, ತನಿ ಆವರ್ತನ ಕೇಳಿ ಬೆಳೆದವರಿಗೆ ಇದೇನು ಹೊಸದೇ?

ಬೆಂಗಳೂರಿನಲ್ಲಿ 2003ರಲ್ಲಿ ಶುರುವಾದ 'ಅಗಂ' ತಂಡ ಈ ಬಗೆಗೆ ಕರ್ನಾಟಕ ಸಂಗೀತವನ್ನು ಬೆಸೆದಿದೆ. ತಮಿಳಿನಲ್ಲಿ ಅಗಂ ಅಂದರೆ ಅಂತರಂಗ. ಹಾಡುವವರು ಹರೀಶ್ ಶಿವರಾಮಕೃಷ್ಣನ್, ಪಿಟೀಲೂ ನುಡಿಸುತ್ತಾರೆ.

ಇವರ ಹಾಡು ಸಿದ್ದಾಪುರದ ನಮ್ಮ ಮನೆಗೆ ಬಂದದ್ದು ಮಗಳ ಜೊತೆ, ಜಗಳದ ಸಮೇತ. ಅತ್ತೆಯವರು ದಿನಾ ದೇವರ ಮುಂದೆ ಹಾಡುವ 'ಮನವ್ಯಾಲಕಿಂಚರಾದಟೇ' ಗಿಟಾರಿನ ನಡುವೆ ಕೇಳಿಸಿದಾಗ, "ತ್ಯಾಗರಾಜರಿಗೆ ಡ್ರಮ್ ಬಡೀಬೇಕಾ?" ಅಂದರು. ಮಗಳು ಎದ್ದು ಹೋದಳು. ಎರಡು ದಿನ ಅಜ್ಜಿ-ಮೊಮ್ಮಗಳಿಗೆ ಮಾತಿಲ್ಲ. ಅವಳ ರಜೆ ಇದ್ದದ್ದೇ ನಾಲ್ಕು ದಿನ!

ಮೂರನೆಯ ದಿನ ಕಾಫಿ ಕೊಟ್ಟು, ಜಗಲಿಯಲ್ಲಿ ಸದ್ದು ತಗ್ಗಿಸಿ ಹಾಕಿದೆ. "ಬರೀ ಕಂಠ ಕೇಳಿ ಅತ್ತೆ, ಬೇರೇನೂ ಬೇಡ" ಎಂದೆ. "ಶ್ರುತಿ ಬಿಟ್ಟಿಲ್ಲ ಪುಣ್ಯಾತ್ಮ" ಅಂದವರು, ಮೊಮ್ಮಗಳನ್ನು ಕರೆದು ತಾವು ಕಲಿತ ಪಾಠವನ್ನು ಹಾಡಿ ತೋರಿಸಿದರು. ಅವಳು ಅದನ್ನು ಫೋನಿನಲ್ಲಿ ಹಿಡಿದುಕೊಂಡಳು. ಡ್ರಮ್ಮಿನ ಬಗ್ಗೆ ಅತ್ತೆಯವರ ಮಾತು ಮಾತ್ರ ಈಗಲೂ ಅದೇ.

ಹಾಗಾಗಿ ಗೊತ್ತಿರುವ ಕೃತಿಯಿಂದಲೇ ಶುರು ಮಾಡಿ. ನಳಿನಕಾಂತಿ ರಾಗದ ಈ ಕೃತಿ 2017ರ 'ಎ ಡ್ರೀಮ್ ಟು ರಿಮೆಂಬರ್' ಆಲ್ಬಮ್ಮಿನಲ್ಲಿದೆ. ಮೊದಲ ಸಲ ಕಂಠ, ಎರಡನೆಯ ಸಲ ಕೈಯಲ್ಲಿ ಆದಿತಾಳ, ಆಮೇಲೆ ಗಿಟಾರು. ಅಡಿಗೆ ಮಾಡ್ತಾ ಕೇಳಬೇಡಿ, ಒಗ್ಗರಣೆ ಸದ್ದಿಗೆ ಪಿಟೀಲು ಕೇಳಿಸೋದೇ ಇಲ್ಲ. ಬಳಿಕ 2012ರ ಮೊದಲ ಆಲ್ಬಮ್ 'ದಿ ಇನ್ನರ್ ಸೆಲ್ಫ್ ಅವೇಕನ್ಸ್'ಗೆ ಹೋಗಿ. ಅದರ 'ಸ್ವಾನ್ಸ್ ಆಫ್ ಸರಸ್ವತಿ' ನಮ್ಮ ಹಂಸನಾದದ 'ಬಂಟುರೀತಿ'ಯೇ. ಹೆಸರಿನಲ್ಲೇ ಹಂಸ ಇದೆ ನೋಡಿ. ಸ್ವಾತಿ ತಿರುನಾಳರ ಧನಶ್ರೀ ತಿಲ್ಲಾನವೂ ಇದೆ. ತಿಲ್ಲಾನಕ್ಕೆ ಮೊದಲೇ ಓಟ ಇರೋದರಿಂದ ಡ್ರಮ್ ಅಷ್ಟು ಚುಚ್ಚುವುದಿಲ್ಲ.

ನನಗೆ ಒಪ್ಪಿಗೆಯಾಗದ್ದೂ ಉಂಟು. ಅಬ್ಬರ ಏರಿದಾಗ ಸಾಹಿತ್ಯ ಮುಳುಗುತ್ತದೆ. ತ್ಯಾಗರಾಜರಲ್ಲಿ ಮಾತು ಮುಳುಗಿದರೆ ಅರ್ಧ ಕೃತಿಯೇ ಹೋದ ಹಾಗೆ.

ಅದೇ ಆಲ್ಬಮ್ಮಿನ 'ಮಲ್ಹಾರ್ ಜಾಮ್' ಅನ್ನು ಮಾತ್ರ ಜುಲೈಗೆ ಇಟ್ಟುಕೊಳ್ಳಿ. ಆಗ ನಮ್ಮ ಕೊಡಗಿನಲ್ಲಿ ಹಂಚಿನ ಮೇಲೆ ಮಳೆಯೇ ಡ್ರಮ್ ಬಾರಿಸುತ್ತಿರುತ್ತದೆ, ಕರೆಂಟು ಇದ್ದರೆ ಹಾಡೂ ಕೇಳಬಹುದು.