ಯಾವ ಮರ ಮಿಸ್?

ಪ್ರಾಥಮಿಕ ಶಾಲೆಗಳ ಗೋಡೆಯ ಮೇಲಿನ ಮರಕ್ಕೆ ಸಾಮಾನ್ಯವಾಗಿ ಹೆಸರಿರುವುದಿಲ್ಲ. ಕಂದು ಕಾಂಡ, ಮೇಲೊಂದು ಹಸಿರು ಮೋಡ, ಅಲ್ಲಲ್ಲಿ ಕೆಂಪು ಚುಕ್ಕೆ. ಪಿಎಚ್.ಡಿ. ಕೆಲಸಕ್ಕಾಗಿ ನಾನು ಹೋಗಿಬರುತ್ತಿದ್ದದ್ದು ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆಯ ಒಂದು ಸರ್ಕಾರಿ ಶಾಲೆಗೆ. ದೀಪಾವಳಿ ಕಳೆದ ಮೇಲೆ ಅಲ್ಲಿನ ಮಿಸ್ಸು, "ನಮ್ಮ ಕೊಠಡಿಗೆ ನಿಜವಾದ ಮರದ ಥರಾನೇ ಒಂದು ಮರ ಮಾಡೋಣ್ವಾ?" ಎಂದರು. ಮೂರನೇ ತರಗತಿಯ ಹುಡುಗಿಯೊಬ್ಬಳು ತಕ್ಷಣ ಕೇಳಿದಳು: "ಯಾವ ಮರ ಮಿಸ್?"

ಅದು ನಲಿಕಲಿ ಕೊಠಡಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಗೋಡೆ, ಸೂರು ಎಲ್ಲವೂ ಪಾಠದ ಭಾಗ. ಮಕ್ಕಳ ಕೈಗೆಟುಕುವಷ್ಟು ಕೆಳಗೆ ಕಪ್ಪುಹಲಗೆ, ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ತೂಗುವ ಅವರದೇ ಚಿತ್ರಗಳು, ದಿನದ ಬಿಸಿಲು ಮಳೆ ಗುರುತಿಸುವ ಹವಾಮಾನ ಪಟ್ಟಿ. ಅಂಥ ಕಡೆ ಮರವೊಂದು ಬರೀ ಅಲಂಕಾರವಾಗಿ ನಿಲ್ಲುವುದು ಕಷ್ಟ.

ಹುಣಸೆ, ಹೊಂಗೆ ಎರಡಕ್ಕೂ ಕೈ ಎತ್ತಿದರು. "ಹುಣಸೆದಾದ್ರೆ ಅಷ್ಟೊಂದು ಎಲೆ ಯಾರು ಕತ್ತರಿಸ್ತಾರೆ?" ಎಂದೊಬ್ಬ ಕೇಳಿದ್ದೇ ಹೊಂಗೆ ಗೆದ್ದಿತು. ಡಬ್ಬದಲ್ಲಿ ಕಲ್ಲು ಮಣ್ಣು ತುಂಬಿ ಬಿದಿರು ನೆಟ್ಟೆವು. ಹಳೇ ಪತ್ರಿಕೆಯನ್ನು ಮುದುರಿ, ಮೈದಾ ಅಂಟಿನಲ್ಲಿ ಅದ್ದಿ, ಪದರ ಪದರವಾಗಿ ಸುತ್ತಿ ಬಿಸಿಲಿಗಿಟ್ಟೆವು. ಒಣಗಿದಾಗ ಸುಕ್ಕುಗಳೇ ತೊಗಟೆಯಾದವು. ರೆಂಬೆಗೆ ಹಿಪ್ಪುನೇರಳೆ ಕಡ್ಡಿ. ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟದ್ದು ಮನೆಮನೆಯಲ್ಲೂ ರಾಶಿಯಿತ್ತು. ಕಾಂಡಕ್ಕೆ ಕಂದು ಬಣ್ಣ ಕಲಸುತ್ತಿದ್ದಾಗ ಮಕ್ಕಳು ತಡೆದರು. ಹೊಂಗೆ ಕಂದಲ್ಲ, ಬೂದಿ ಬಣ್ಣ. ಒಬ್ಬಳು ಮನೆಯ ಒಲೆಯಿಂದ ಬೂದಿಯನ್ನೇ ತಂದಳು.

ಎಲೆಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಒಂದು ಕಡ್ಡಿಗೆ ಐದೋ ಏಳೋ ಎಲೆ, ಎರಡೆರಡು ಎದುರುಬದುರು, ತುದಿಯಲ್ಲಿ ಒಂಟಿ. ಎಲ್ಲ ಅಂಟಿಸಿದ ಮೇಲೆ, ಓದಿಗೆ ಇನ್ನೂ ಮಿಸ್ಸಿನ ಪೂರ್ತಿ ಸಹಾಯ ಬೇಕಿದ್ದ ಹುಡುಗನೊಬ್ಬ, "ಗುಳ್ಳೆ ಇಲ್ವಲ್ಲ ಅಕ್ಕಾ" ಎಂದ. ಹೊರಗೆ ಹೋಗಿ ನೋಡಿದರೆ ಹೊಂಗೆಯ ಎಲೆಗಳ ಮೇಲೆ ಸಣ್ಣ ಸಣ್ಣ ಗಂಟು. ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಗಳಿಂದ ಏಳುವವು ಅವು. ಅವನು ಅಂಟಿನುಂಡೆ ಮಾಡಿ ಒಂದೊಂದೇ ಎಲೆಗೆ ಮೆತ್ತಿದ.

ಆ ಸಂಜೆ ನನ್ನ ವೀಕ್ಷಣಾ ನಮೂನೆಯಲ್ಲಿ ಅವನ ಹೆಸರಿನ ಮುಂದೆ ಓದು, ಬರಹ, ಲೆಕ್ಕದ ಕಲಮುಗಳಿದ್ದವು. ಗುಳ್ಳೆಗೆ ಜಾಗವಿರಲಿಲ್ಲ. ಕಾವೇರಿ ಕಾಡಿನ ಅಂಚಿನ ಈ ಮಕ್ಕಳು ಗಿಡಮರಗಳ ಬಗ್ಗೆ ಬಲ್ಲದ್ದು ಎಷ್ಟೋ. ಅದು ಶಾಲೆಯ ಬಾಗಿಲಿಗೆ ಚಪ್ಪಲಿಯಂತೆ ಹೊರಗೇ ಉಳಿಯುತ್ತದೆ. ಹೆಸರಿಲ್ಲದ ಮರವನ್ನು ವರ್ಷವಿಡೀ ನೋಡುತ್ತಾ ಕೂತರೆ ತಮಗೆ ಗೊತ್ತಿರುವುದು ತಿಳಿವಳಿಕೆಯೇ ಅಲ್ಲವೆಂದು ಮಕ್ಕಳೂ ನಂಬುತ್ತಾರೆ. ಅಂಗಳದಲ್ಲೇ ನಿಜವಾದ ಹೊಂಗೆ ಇರುವಾಗ ಕಾಗದದ್ದು ಯಾಕೆ ಎಂದು ಗೆಳೆಯರು ಕೇಳಿದರು. ಕಾಗದದ್ದನ್ನು ಮಾಡಲು ಹೊರಗಿನದನ್ನು ದಿನವೂ ನೋಡಬೇಕಾಯಿತು, ಅದಕ್ಕೆ.

ಶಿವರಾತ್ರಿ ಹೊತ್ತಿಗೆ ಹೊರಗಿನ ಹೊಂಗೆ ಬೋಳಾಯಿತು. ಮಕ್ಕಳು ಸಭೆ ಸೇರಿ ಒಳಗಿನದರ ಎಲೆಗಳನ್ನೂ ಕಿತ್ತು ಬುಟ್ಟಿಗೆ ತುಂಬಿದರು. ಯುಗಾದಿಗೆ ಎಳೆ ಹಸಿರು ಕಾಗದ ಬೇಕೆಂದು ಈಗಲೇ ಹೇಳಿಟ್ಟಿದ್ದಾರೆ. ಕನಕಪುರದಿಂದ ತರುವ ಪಾಳಿ ನನ್ನದು. ನಮೂನೆಯ ಅಂಚಿನಲ್ಲಿ ಗುಳ್ಳೆಗೊಂದು ಕಲಮು ಕೈಯಾರೆ ಗೀಚಿಕೊಂಡಿದ್ದೇನೆ.