ಮಳೆಗಾಲದ ಉಗ್ರಾಣ

ಉಡುಪಿಯಿಂದ ಉತ್ತರಕ್ಕೆ ಹೊರಟ ಬಸ್ಸು ಕಲ್ಯಾಣಪುರದ ಬಳಿ ಸ್ವರ್ಣಾ ನದಿಯನ್ನು ದಾಟಿತೆಂದರೆ, ಪ್ರಯಾಣಿಕನು ಆಸನದಲ್ಲಿ ನೆಟ್ಟಗೆ ಕುಳಿತುಕೊಳ್ಳುವಷ್ಟರಲ್ಲಿಯೇ ಬ್ರಹ್ಮಾವರ ಬಂದುಬಿಡುತ್ತದೆ. ಊರು ಮುಗಿದು ತುಸು ದೂರ ಹೋದರೆ ಮಾಬುಕಳದ ಸೇತುವೆ. ಅದರ ಕೆಳಗೆ ಸೀತಾನದಿ. ಎರಡು ನದಿಗಳ ನಡುವಣ ಈ ಊರು 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ದಕ್ಷಿಣದಿಂದ ತುಳು, ಉತ್ತರದಿಂದ ಕುಂದಾಪುರದ ಕನ್ನಡ ಇಲ್ಲಿಗೆ ಬಂದು ಸೇರುತ್ತವೆ. ಅವುಗಳ ನಡುವೆ ಕೊಂಕಣಿಯೂ ಉಂಟು. ಪೇಟೆಯ ವರ್ತಕನು ಗಿರಾಕಿಯ ಮುಖ ನೋಡಿ ಭಾಷೆಯನ್ನು ಬದಲಿಸುತ್ತಾನೆ.

ಕೊಲ್ಲೂರಿಗೆ ಹೊರಟ ಯಾತ್ರಿಕರು ಈ ಊರನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಸಾಗುತ್ತಾರೆ. ಇತಿಹಾಸದಲ್ಲಿ ಆಸಕ್ತಿಯುಳ್ಳವರು ಹಳೆಯ ರಾಜಧಾನಿ ಬಾರಕೂರಿನತ್ತ ತಿರುಗುತ್ತಾರೆ. ಬ್ರಹ್ಮಾವರದಲ್ಲಿ ನೋಡತಕ್ಕದ್ದೇನು ಎಂದು ಕೇಳಿದರೆ ಊರಿನವರೇ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಆದರೆ ನೋಡತಕ್ಕ ಸ್ಥಳವೊಂದು ಇಲ್ಲಿಯ ಹಳೆಯ ಮನೆಗಳಲ್ಲೆಲ್ಲ ಇದೆ. ಅದಕ್ಕೆ ಫಲಕವಿಲ್ಲ, ಪ್ರವೇಶದ ಚೀಟಿಯಿಲ್ಲ. ಮನೆಯವರ ಪರಿಚಯ ಮಾತ್ರ ಬೇಕು. ಅದು ಅಡುಗೆಮನೆಯ ಪಕ್ಕದ ಅರೆಗತ್ತಲೆಯ ಕೋಣೆ, ಉಗ್ರಾಣ. ಅದನ್ನು ನೋಡಲು ತಕ್ಕ ಕಾಲವೆಂದರೆ, ಪ್ರವಾಸಿಗರು ಯಾರೂ ಬಾರದ ಆಷಾಢ ಮಾಸ.

ಕರಾವಳಿಯ ಮಳೆಯನ್ನು ಕಾಣದವರಿಗೆ ಈ ಕೋಣೆಯ ಅರ್ಥ ಸುಲಭವಾಗಿ ಹೊಳೆಯದು. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ. ಬೆಂಗಳೂರಿನದರ ನಾಲ್ಕು ಪಟ್ಟು. ಅದರ ಬಹುಪಾಲು ಜೂನ್ ತಿಂಗಳಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಗದ್ದೆಯೆಲ್ಲ ನೀರು, ತರಕಾರಿಯ ಪಾತಿಗಳು ಕೊಳೆಯುತ್ತವೆ. ಕಡಲು ಮುನಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂಬ ನಿಯಮವೂ ಉಂಟು. ಈಗೇನೋ ಘಟ್ಟದ ಮೇಲಿನಿಂದ ಲಾರಿಗಳು ಕೋಸು, ಬೀಟ್‌ರೂಟುಗಳನ್ನು ತಂದು ಪೇಟೆಯಲ್ಲಿ ಇಳಿಸುತ್ತವೆ. ರಸ್ತೆ, ಸೇತುವೆಗಳಿಲ್ಲದ ಕಾಲದಲ್ಲಿ ಮಾತ್ರ ಮನೆಯೊಳಗೆ ಇದ್ದುದೇ ಊಟ, ಇಲ್ಲದುದು ಉಪವಾಸ.

ಸೀತಾನದಿಯ ಈಚೆಯ ದಡದಲ್ಲಿ ಅಂಥದೊಂದು ಹೆಂಚಿನ ಮನೆ. ಅತ್ತೆಗೆ ಎಪ್ಪತ್ತು ದಾಟಿದೆ. ಸೊಸೆ ದಿನವೂ ಬಸ್ಸು ಹಿಡಿದು ಉಡುಪಿಗೆ ಕೆಲಸಕ್ಕೆ ಹೋಗಿಬರುವವಳು. ಉಗ್ರಾಣದ ಬಾಗಿಲನ್ನು ತೆರೆದೊಡನೆ ಮೊದಲು ಎದುರುಗೊಳ್ಳುವುದು ವಾಸನೆ: ಬೈಹುಲ್ಲು, ಹುಣಸೆಹಣ್ಣು, ಹಳೆಯ ಬೆಲ್ಲ, ತೆಂಗಿನೆಣ್ಣೆ ಎಲ್ಲವೂ ಬೆರೆತದ್ದು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಮಾಡಿನ ಜಂತಿಯಿಂದ ಸಾಲಾಗಿ ತೂಗುವ ಸೌತೆಕಾಯಿಗಳು ಕಾಣುತ್ತವೆ. ಇವು ಹಸಿಯಾಗಿ ಉಪ್ಪು ಹಚ್ಚಿ ತಿನ್ನುವ ಎಳೆಸೌತೆಗಳಲ್ಲ. ಹಳದಿಗೆ ತಿರುಗಿದ, ಪಟ್ಟೆ ಪಟ್ಟೆಯ, ಅಡುಗೆಯ ಸೌತೆಗಳು. ಬೇಸಗೆಯ ಗದ್ದೆಯಲ್ಲಿ ಬೆಳೆದು ಬಲಿತದ್ದನ್ನು ಒಂದೊಂದಾಗಿ ಬಾಳೆಯ ನಾರಿನಿಂದ ಕಟ್ಟಿ ನೇತುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಒಂದರ ಮೈ ಇನ್ನೊಂದಕ್ಕೆ ತಗಲಬಾರದು ಎಂಬುದಷ್ಟೇ ನಿಯಮ. ವಾರಕ್ಕೊಮ್ಮೆ ಕೈಯಿಂದ ಒತ್ತಿ ನೋಡಿ, ಮೆತ್ತಗಾದುದನ್ನು ಅಂದಿನ ಅಡುಗೆಗೆ ಇಳಿಸುತ್ತಾರೆ. ಹಾಗಾಗಿ ಇವತ್ತು ಏನು ಅಡುಗೆ ಎಂಬುದನ್ನು ಎಷ್ಟೋ ದಿನ ಸೌತೆಕಾಯಿಯೇ ತೀರ್ಮಾನಿಸುತ್ತದೆ.

ಮೂಲೆಯಲ್ಲಿ ಅಕ್ಕಿಯ ಮುಡಿ. ಬೈಹುಲ್ಲಿನ ಹಗ್ಗದಿಂದ ಸುತ್ತಿ, ಕೊಡತಿಯಿಂದ ಬಡಿದು ಬಿಗಿದು ಕಟ್ಟಿದ ಗುಂಡನೆಯ ಮೂಟೆ ಅದು. ಒಂದು ಮುಡಿಗೆ 42 ಸೇರು ಅಕ್ಕಿ. ತೇವ, ಹುಳು ಎರಡೂ ಒಳಗೆ ಸುಳಿಯದಂತೆ ಕಟ್ಟುವ ಕೈಗಳು ಈಗ ಊರಿಗೆ ಒಂದೋ ಎರಡೋ ಉಳಿದಿವೆ. ಈ ಮನೆಯ ಮುಡಿಯೂ ಮದುವೆಯ ಶಾಸ್ತ್ರಕ್ಕೆಂದು ಕಟ್ಟಿಸಿದ್ದು. ನಿತ್ಯದ ಅಕ್ಕಿ ಇರುವುದು ಪಕ್ಕದ ತಗಡಿನ ಡಬ್ಬಿಯಲ್ಲಿ. ಅದು ಕುಚ್ಚಲಕ್ಕಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ ಅನಂತರ ಅಕ್ಕಿ ಮಾಡಿದ್ದರಿಂದ ತೌಡಿನ ಸತ್ತ್ವ ಕಾಳಿನೊಳಗೇ ಇಳಿದಿರುತ್ತದೆ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರು ಈ ನಾಡಿನ ನಾಲಗೆಯನ್ನು ಬಲ್ಲವರು. ಕೇರಳದಿಂದ ಬಂದು ಗದ್ದೆಗಳಲ್ಲಿ ನೆಲೆನಿಂತ ಎಂಒ-4 ಎಂಬ ಕೆಂಪಕ್ಕಿಯ ತಳಿಗೆ ಬದಲಾಗಿ ‘ಸಹ್ಯಾದ್ರಿ ಕೆಂಪುಮುಕ್ತಿ’ಯನ್ನು ಹೊರತಂದಿದ್ದಾರೆ. ಇಲ್ಲಿಯವರಿಗೆ ಬಿಳಿಯ ಅನ್ನ ಹಬ್ಬಕ್ಕೆ, ನೆಂಟರಿಗೆ. ಹೊಟ್ಟೆ ತುಂಬುವುದು ಕೆಂಪು ಗಂಜಿಯಿಂದಲೇ.

ಗೋಡೆಯ ಬುಡದಲ್ಲಿ ಭರಣಿಗಳ ಸಾಲು. ಒಂದರಲ್ಲಿ ಮಿಡಿ ಉಪ್ಪಿನಕಾಯಿ. ಇನ್ನೊಂದರಲ್ಲಿ ಉಪ್ಪುನೀರಿನಲ್ಲಿ ಮುಳುಗಿರುವ ಇಡಿಯ ಮಾವಿನಕಾಯಿ. ಎಲ್ಲಕ್ಕಿಂತ ದೊಡ್ಡದರಲ್ಲಿ, ಬಾಯಿಗೆ ಬಟ್ಟೆ ಬಿಗಿದು ಒಳಗೆ ಕಲ್ಲು ಹೇರಿದುದರಲ್ಲಿ, ಹಲಸಿನ ಸೊಳೆ. ಬಲಿತ, ಆದರೆ ಹಣ್ಣಾಗದ ಹಲಸಿನಕಾಯಿಯ ಸೊಳೆಗಳನ್ನು ಬಿಡಿಸಿ, ಬೀಜ ತೆಗೆದು, ಒಂದು ಪದರ ಸೊಳೆ ಒಂದು ಪದರ ಉಪ್ಪಿನಂತೆ ತುಂಬಿ ಭಾರವಿಟ್ಟರೆ ಅದು ತನ್ನ ನೀರನ್ನು ತಾನೇ ಬಿಟ್ಟುಕೊಂಡು ಮಳೆಗಾಲವಿಡೀ ಕಾದಿರುತ್ತದೆ. ಬೀಜವನ್ನೂ ಎಸೆಯುವಂತಿಲ್ಲ, ಕೆಂಪು ಮಣ್ಣು ಬಳಿದು ಒಣಗಿಸಿಟ್ಟರೆ ಅದು ಬೇರೆಯೇ ಒಂದು ತರಕಾರಿ. ಈ ಭರಣಿಗಳ ಬಳಿ ಒಂದೇ ಒಂದು ಕಟ್ಟಳೆ. “ಒದ್ದಿ ಕೈ ಹಾಕ್ಬೇಡ ಮಾರಾಯ್ತಿ!” ಎಂಬ ಅತ್ತೆಯ ಕೂಗನ್ನು ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ಸೊಸೆ ಎಷ್ಟು ಸಲ ಕೇಳಿದ್ದಾಳೋ ಲೆಕ್ಕವಿಲ್ಲ. ಒದ್ದೆ ಕೈಯ ಒಂದು ಹನಿ ನೀರು ಸಾಕು, ಮೇಲೆ ಬಿಳಿಯ ಬೂಷ್ಟು ಹಿಡಿದು ಭರಣಿಗೆ ಭರಣಿಯೇ ಹಾಳಾಗಲು.

ಇಷ್ಟೆಲ್ಲ ಇದ್ದ ಮೇಲೆ ಅಡುಗೆ ಎಷ್ಟರದು? ಹನ್ನೊಂದೂವರೆಗೆ ನೆಂಟರು ಕೊಡೆ ಮಡಚಿಕೊಂಡು ಜಗಲಿ ಹತ್ತಿದರೆ ಮನೆಯೊಡತಿ ಗಾಬರಿಪಡುವುದಿಲ್ಲ. “ಉಂಡ್ಕಂಡೇ ಹೋಯ್ಕ್” ಎಂದು ಒಳಗೆ ಹೋಗುತ್ತಾಳೆ. ಕುಚ್ಚಲಕ್ಕಿ ಬೇಯಲು ಬಹಳ ಹೊತ್ತು ಬೇಕೆಂಬುದು ನಿಜ. ಆದರೆ ಅದನ್ನು ಬೆಳಗ್ಗೆಯೇ ಇಪ್ಪತ್ತು ನಿಮಿಷ ಕುದಿಸಿ, ಬಿಸಿ ಆರದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಗ್ಯಾಸಿನ ಖರ್ಚಿಲ್ಲದೆ ಅದು ತನ್ನಷ್ಟಕ್ಕೆ ಅರಳಿರುತ್ತದೆ. ಇನ್ನುಳಿದದ್ದು ಒಂದು ಸೌತೆಕಾಯಿ, ಒಂದು ತೆಂಗಿನಕಾಯಿ. ಸೌತೆಯನ್ನು ಸಿಪ್ಪೆ ಸಹಿತ ದೊಡ್ಡ ಹೋಳುಗಳಾಗಿ ಹೆಚ್ಚಿ, ಉಪ್ಪು, ಚೂರು ಬೆಲ್ಲ ಹಾಕಿ ಬೇಯಿಸುವುದು. ಕಾಯಿತುರಿ, ಹುರಿದ ಕುಮಟೆಯ ಮೆಣಸು, ತುಸು ಹುಣಸೆಹಣ್ಣು ಇಷ್ಟನ್ನು ರುಬ್ಬಿ ಕೂಡಿಸಿ ಕುದಿಸುವುದು. ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು ಮೇಲೆ ಸುರಿದರೆ ಕೊದ್ದೆಲು ಸಿದ್ಧ. ಬೇಳೆ ಬೇಡ, ಹಿಂಗು ಬೇಡ. ಸಾಂಬಾರಿಗೆ ಪಳಗಿದ ಪಟ್ಟಣದ ನಾಲಗೆಗೆ ಇದು ಮೊದಲು ಬರಿದೆನಿಸಬಹುದು. ಎರಡನೆಯ ಸೌಟಿಗೆ ಆ ಅಭಿಪ್ರಾಯ ಉಳಿಯುವುದಿಲ್ಲ.

ಅದು ಒಲೆಯ ಮೇಲಿರುವಾಗಲೇ ಭರಣಿಯಿಂದ ಒಂದು ನೀರುಮಾವಿನಕಾಯಿ ತೆಗೆದು, ಕಿವಿಚಿ, ಹಸಿಮೆಣಸು ನುರಿದು, ಮೊಸರು ಬೆರೆಸಿದರೆ ಗೊಜ್ಜು. ಅದಕ್ಕೆ ಬೆಂಕಿಯೇ ಬೇಡ. ಹಿತ್ತಲಿನಲ್ಲಿ ಒಂದೆಲಗ ಸಿಕ್ಕಿದರೆ ಕಾಯಿ, ಜೀರಿಗೆಯೊಡನೆ ರುಬ್ಬಿ ಮಜ್ಜಿಗೆಯಲ್ಲಿ ಕದಡಿದ ತಂಬುಳಿ. ಕೆಂಡವಿದ್ದ ಕಾಲದಲ್ಲಿ ಹಪ್ಪಳವನ್ನು ಕೆಂಡದ ಮೇಲೆ ಸುಡುತ್ತಿದ್ದರು. ಈಗ ಗ್ಯಾಸಿನ ಉರಿಯ ಮೇಲೆ. ಹುರುಳಿ ಬೇಯಿಸಿದ ದಿನವಾದರೆ ಅದರ ಕಟ್ಟಿನ ಸಾರು. ಕೋಣ, ಎತ್ತುಗಳಿದ್ದ ಮನೆಗಳಲ್ಲಿ ಬೆಂದ ಕಾಳು ಹಟ್ಟಿಗೆ ಹೋಗುತ್ತಿತ್ತು, ಬಸಿದ ಕಟ್ಟು ಅಡುಗೆಮನೆಗೆ ಬರುತ್ತಿತ್ತು. ಮೀನು ತಿನ್ನುವ ಮನೆಗಳ ಉಗ್ರಾಣದಲ್ಲಿ ಇವುಗಳ ಜೊತೆಗೆ ಒಣಮೀನಿನ ಡಬ್ಬಿಯೂ ಇರುತ್ತದೆ. ಬಾಣಲೆಯಲ್ಲಿ ಹುರಿದ ಒಣಸಿಗಡಿಯನ್ನು ಕಾಯಿ, ಮೆಣಸು, ಹುಳಿಗಳೊಡನೆ ಒರಟಾಗಿ ರುಬ್ಬಿದ ಚಟ್ನಿ, ಬಿಸಿ ಗಂಜಿ, ಹೊರಗೆ ಮಳೆ. ಹಂಗಾರಕಟ್ಟೆ, ಕೋಡಿಬೆಂಗ್ರೆಗಳಲ್ಲಿ ದೋಣಿಗಳು ದಡದಲ್ಲಿ ಮಲಗಿರುವ ಆ ಎರಡು ತಿಂಗಳು ಈ ಊಟದ ಮುಂದೆ ಬೇರೊಂದನ್ನು ನೆನೆಯುವವರು ಕಡಿಮೆ.

ಅರ್ಧ ಗಂಟೆಯಲ್ಲಿ ಎಲೆ ಹಾಕಿ ಬಡಿಸುವ ಈ ಊಟವನ್ನು ಸುಲಭದ ಅಡುಗೆ ಎಂದು ಕರೆಯುವ ಮೊದಲು ವೈಶಾಖದ ಅಂಗಳವನ್ನು ನೋಡಿರಬೇಕು. ಹಲಸಿನ ಮೇಣ ಮೊಣಕೈವರೆಗೆ ಅಂಟಿರುತ್ತದೆ. ಹಪ್ಪಳದ ಹಿಟ್ಟನ್ನು ಕುಟ್ಟುವವರು, ಒತ್ತುವವರು, ಬಿಸಿಲಿನಲ್ಲಿ ಕಾಗೆ ಕಾಯುವ ಮಕ್ಕಳು, ಮಧ್ಯಾಹ್ನ ಮೋಡ ಕವಿದರೆ ಚಾಪೆ ಸಮೇತ ಒಳಗೆ ಓಡುವ ಅವಸರ. ಹುಣಸೆಹಣ್ಣನ್ನು ಬಿಡಿಸಿ, ಉಪ್ಪು ಬೆರೆಸಿ ಉಂಡೆ ಕಟ್ಟುವುದು ಬೇರೆ. ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದಿದವರು ಈ ಕರಾವಳಿಯ ಪಾರೋತಿ, ಸರಸೋತಿಯರನ್ನು ಮರೆತಿರಲಾರರು. ಆಷಾಢದ ಅರ್ಧ ಗಂಟೆಯ ಹಿಂದೆ ಅಂಥವರ ಬೇಸಗೆಯ ಎರಡು ತಿಂಗಳುಗಳಿವೆ. ಶ್ರಮ ಕಡಿಮೆಯಾದುದಲ್ಲ, ಮೊದಲೇ ಮುಗಿದುದು, ಮತ್ತು ಬಹುಮಟ್ಟಿಗೆ ಹೆಂಗಸರದೇ ಆಗಿದ್ದುದು.

ತುಂಬಿದ ಉಗ್ರಾಣ ಎಲ್ಲರ ಮನೆಯದೂ ಆಗಿರಲಿಲ್ಲ. ಗದ್ದೆಯನ್ನು ಉತ್ತವನೊಬ್ಬ, ಒಡೆಯನೊಬ್ಬ ಆಗಿದ್ದ ಕಾಲದಲ್ಲಿ ಗೇಣಿಯ ಲೆಕ್ಕ ಮುಡಿಯಲ್ಲಿಯೇ ನಡೆಯುತ್ತಿತ್ತು. ಕಟ್ಟಿದ ಮುಡಿಗಳು ಒಡೆಯನ ಮನೆಯನ್ನು ಸೇರಿದ ಮೇಲೆ ಒಕ್ಕಲಿನ ಮನೆಯಲ್ಲಿ ಉಳಿದ ಅಕ್ಕಿ ಆಷಾಢದವರೆಗೆ ಬಾರದ ವರ್ಷಗಳು ಎಷ್ಟೋ. ಆಗ ಒಲೆಯ ಮೇಲೆ ಬೇಯುತ್ತಿದ್ದುದು ಕೆಸುವಿನೆಲೆ, ತಗಟೆಸೊಪ್ಪು, ಕಳಲೆ, ಹಲಸಿನ ಬೀಜ. 1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಗೇಣಿದಾರನನ್ನು ಗದ್ದೆಯ ಒಡೆಯನನ್ನಾಗಿ ಮಾಡಿದ ಮೇಲೆ ಅನೇಕ ಮನೆಗಳ ಉಗ್ರಾಣಕ್ಕೆ ಮೊದಲ ಬಾರಿಗೆ ಬಾಗಿಲು, ಬೀಗಗಳ ಅಗತ್ಯ ಬಂತು. ಇಂದು ಆಟಿ ತಿಂಗಳಲ್ಲಿ ಸಭಾಭವನಗಳಲ್ಲಿ ಪತ್ರೊಡೆ, ತಗಟೆಯ ಪಲ್ಯಗಳನ್ನು ಸಾಲಾಗಿ ಜೋಡಿಸಿ ಸಂಭ್ರಮಪಡುವುದನ್ನು ಹಳಬರು ಕಂಡು ನಗುತ್ತಾರೆ. ಅಕ್ಕಿಯಿಲ್ಲದ ದಿನಗಳ ತಿನಿಸು ಹೀಗೆ ಪ್ರದರ್ಶನಕ್ಕೆ ಬರುವುದೆಂದು ಅವರು ಎಣಿಸಿರಲಿಲ್ಲ.

ಪಟ್ಟಣದ ಓದುಗರಿಗೆ ಈ ಉಗ್ರಾಣ ದೂರದ್ದೆನಿಸಿದರೆ ಇನ್ನೊಂದು ಸಂಗತಿಯನ್ನು ತಿಳಿಯುವುದು ಒಳ್ಳೆಯದು. ಮಾಬುಕಳದ ಸೇತುವೆಯಾಚೆ, ಸಾಲಿಗ್ರಾಮದ ಮಗ್ಗುಲಿಗೆ ಪಾರಂಪಳ್ಳಿ ಎಂಬ ಹಳ್ಳಿ. ಅಲ್ಲಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಒಂದು ಕಾಫಿ ಕ್ಲಬ್ಬನ್ನು ತೆರೆದರು. ಮುಂದೆ ಅದೇ ಮಾವಳ್ಳಿ ಟಿಫಿನ್ ರೂಮ್, ಎಂ.ಟಿ.ಆರ್. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ ಅಲ್ಲಿ ರವೆ ಇಡ್ಲಿ ಹುಟ್ಟಿತೆಂದು ಆ ಸಂಸ್ಥೆಯವರ ಹೇಳಿಕೆ. 1975ರ ತುರ್ತುಪರಿಸ್ಥಿತಿಯಲ್ಲಿ ತಿಂಡಿಗಳ ದರಕ್ಕೆ ಕಡಿವಾಣ ಬಿದ್ದು ಹೋಟೆಲು ನಡೆಸುವುದು ಕಷ್ಟವಾದಾಗ ಅವರು ಹಿಡಿದ ದಾರಿ ಸಾರಿನ ಪುಡಿ, ಇಡ್ಲಿಯ ಸಿದ್ಧಹಿಟ್ಟುಗಳನ್ನು ಕಟ್ಟಿ ಮಾರುವುದು. ಮಳೆಗಾಲಕ್ಕೆಂದು ಬೇಸಗೆಯಲ್ಲೇ ಅಡುಗೆಯ ಅರ್ಧವನ್ನು ಮುಗಿಸಿಡುವ ಊರಿನವರಿಗೆ ಆ ಯೋಚನೆ ಹೊಳೆದುದರಲ್ಲಿ ಆಶ್ಚರ್ಯವೇನಿದೆ! ಆ ಪೊಟ್ಟಣಗಳ ವ್ಯಾಪಾರ 2007ರಲ್ಲಿ ನಾರ್ವೆ ದೇಶದ ಒರ್ಕ್ಲಾ ಕಂಪನಿಯ ಪಾಲಾಯಿತು. ಸೀತಾನದಿಯ ದಡದ ಆ ಮನೆಯ ಕಪಾಟಿನಲ್ಲಿಯೂ ಅಂಥ ಎರಡು ಪೊಟ್ಟಣಗಳಿವೆ, ಸೊಸೆ ತಂದಿಟ್ಟದ್ದು. ಅತ್ತೆ ಮೊದಲು ಮೂಗು ಮುರಿದರು. ಬಳಿಕ ಕಾಲುನೋವಿನ ಒಂದು ಸಂಜೆ ತಾವೇ ಕತ್ತರಿ ಹುಡುಕಿ ಒಂದನ್ನು ಒಡೆದರೆಂದು ಮನೆಯವರ ವರದಿ.

ಹಪ್ಪಳವನ್ನು ಈಗ ಆ ಮನೆಯಲ್ಲಿ ಒತ್ತುವುದಿಲ್ಲ. ನೆರೆಯ ಸ್ವಸಹಾಯ ಸಂಘದ ಹೆಂಗಸರಿಂದ ಕೊಳ್ಳುತ್ತಾರೆ. ಮಿಡಿ ಉಪ್ಪಿನಕಾಯಿ ಅರ್ಧಕ್ಕೆ ಇಳಿದಿದೆ. ಸೊಳೆಯ ಭರಣಿಯೊಂದನ್ನು ಮಾತ್ರ ಬಿಡಲು ಯಾರಿಗೂ ಮನಸ್ಸಿಲ್ಲ, ಏಕೆಂದರೆ ಅದು ಅಂಗಡಿಯಲ್ಲಿ ಸಿಕ್ಕರೂ ಉಪ್ಪು ಸರಿಯಿರುವುದಿಲ್ಲ. ಆ ಉಪ್ಪಿನ ಅಳತೆ ಬರಹದಲ್ಲಿಲ್ಲ. ಎಷ್ಟು ಎಂದು ಸೊಸೆ ಕೇಳಿದಾಗಲೆಲ್ಲ ಅತ್ತೆಯವರು ತೋರಿಸಿದ್ದು ತಮ್ಮ ಅಂಗೈಯನ್ನು. ಅತ್ತೆಯದು ಅಗಲವಾದ ಕೈ, ಸೊಸೆಯದು ಸಣ್ಣದು. ಕೊನೆಗೊಂದು ಮೇ ತಿಂಗಳ ಭಾನುವಾರ ಅವಳು ಅತ್ತೆಯ ಮುಷ್ಟಿಯ ಉಪ್ಪನ್ನು ಅಡುಗೆಮನೆಯ ತಕ್ಕಡಿಗೆ ಸುರಿಸಿಕೊಂಡು, ತೂಕವನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಳು. ಆ ವರ್ಷ ಭರಣಿಯನ್ನು ತುಂಬಿದವಳು ಅವಳೇ. ಅತ್ತೆ ಮಣೆಯ ಮೇಲೆ ಕುಳಿತು, ಬಾಯಿ ಹಾಕದೆ ನೋಡಿದರು. ಅವರಿಗೆ ಅದೇ ಹೆಚ್ಚಿನ ಕಷ್ಟವಾಗಿತ್ತು.

ಆಷಾಢದ ಮೊದಲ ವಾರ ಬಟ್ಟೆ ಬಿಚ್ಚಿ, ಕಲ್ಲನ್ನು ಎತ್ತಿ, ಒಣಗಿದ ಕೈಯಿಂದ ನಾಲ್ಕು ಹಿಡಿ ಸೊಳೆ ತೆಗೆದದ್ದಾಯಿತು. ನೀರಿನಲ್ಲಿ ನೆನೆಹಾಕಿ, ಮೂರು ಸಲ ನೀರು ಬದಲಿಸಿ, ಉಪ್ಪು ಇಳಿದ ಮೇಲೆ ಸೊಸೆ ಒಂದು ಎಸಳನ್ನು ಅತ್ತೆಯ ಕೈಗಿತ್ತಳು. ಅವರು ಅದನ್ನು ನಿಧಾನವಾಗಿ ಅಗಿದರು. ಹೆಂಚಿನ ಮೇಲೆ ಮಳೆ ಜೋರಾಗಿತ್ತು.

“ಅಡ್ಡಿಲ್ಲೆ” ಎಂದರು.

ಕಾಯಿ, ಒಣಮೆಣಸು, ಸಾಸಿವೆಗಳನ್ನು ತರಿಯಾಗಿ ರುಬ್ಬಿ ಹಾಕಿದ ಸೊಳೆಯ ಪಲ್ಯ ಅಂದು ಗಂಜಿಯ ಜೊತೆಗೆ ಎಲ್ಲರಿಗೂ ಎರಡೆರಡು ಸಲ ಬಂತು.