ಮಾವನ ಜಿಲ್ಲೆ

ದೇವಸಮುದ್ರದ ನಮ್ಮ ಮಾವನವರ ಒಂದು ಜಿಲ್ಲೆ ಕಳೆದುಹೋಗಿದೆ. ಅದು ಅವರದಾಗಿರಲೇ ಇಲ್ಲ ಎಂಬುದು ಬೇರೆ ಮಾತು. ಮಹಾರಾಜರ ಕಾಲದಲ್ಲೂ ಊರು ಮೈಸೂರಿನದೇ, ಚಿತ್ರದುರ್ಗದ್ದೇ. ಆದರೆ ಮೊಳಕಾಲ್ಮೂರು ತಾಲ್ಲೂಕಿನ ಮೂರು ಕಡೆಗೂ ಇದ್ದದ್ದು ಮದ್ರಾಸಿನ ಬಳ್ಳಾರಿ ಜಿಲ್ಲೆ. ಸಂತೆ, ಸಿನಿಮಾ, ಹೆಣ್ಣು ಕೊಡುವುದು ತರುವುದು ಎಲ್ಲಾ ಅತ್ತಲೇ. ಮಾವ ರಾಯದುರ್ಗದ ಹೈಸ್ಕೂಲು ಸೇರಿದಾಗ ಆ ಊರು ಬಳ್ಳಾರಿ ಜಿಲ್ಲೆಯಲ್ಲಿತ್ತು. ಓದು ಮುಗಿಸುವ ಹೊತ್ತಿಗೆ ಆಂಧ್ರದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಬಳ್ಳಾರಿ, ಹೊಸಪೇಟೆ, ಕೂಡ್ಲಿಗಿ ಮುಂತಾದವು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿಗಾಗಿಯಂತೂ ನ್ಯಾಯಮೂರ್ತಿ ಮಿಶ್ರಾ ಅವರೇ ಬಂದು ಪಂಚಾಯ್ತಿ ಮಾಡಬೇಕಾಯಿತು. "ಒಂದೇ ಬೆಂಚಲ್ಲಿ ಕೂತಿದ್ದೆ, ಎರಡು ರಾಜ್ಯ ನೋಡಿಬಿಟ್ಟೆ" ಎನ್ನುತ್ತಾರೆ ಮಾವ.

ಶ್ಯಾನುಭೋಗಿಕೆ ಹೋದರೂ ಗತ್ತು ಹೋಗದ ಮನೆತನ ಅದು. ಊರವರ ಅರ್ಜಿಗಳನ್ನೆಲ್ಲ ಇವತ್ತಿಗೂ ಮಾವನೇ ಬರೆಯುವುದು. ಪಹಣಿ ತಿದ್ದುಪಡಿಯಾಗಲಿ, ಬೋರ್‌ವೆಲ್ಲಾಗಲಿ, ಮೊದಲ ಸಾಲು ಮಾತ್ರ ಒಂದೇ: "ತಾವು ಕ್ಷೇಮವೆಂದು ನಂಬಿದ್ದೇನೆ. ಉಭಯ ಕುಶಲೋಪರಿ." ಸರ್ಕಾರಕ್ಕೆಂಥ ಕ್ಷೇಮಸಮಾಚಾರ ಎಂದು ಕೇಳಿದರೆ ಬ್ರಹ್ಮಗಿರಿಯತ್ತ ಕೈ ತೋರಿಸುತ್ತಾರೆ.

ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಆಜ್ಞೆಗೆ ಇಳಿಯುತ್ತಾರೆ. ಅಂದರೆ ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಇಲ್ಲೊಂದು ಕಚೇರಿ, ಅದಕ್ಕೊಬ್ಬ ಮೇಲಧಿಕಾರಿ! ಆ ಇಸಿಲವೂ ಹೋಯಿತು. ಅತ್ತ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಇದೇ ಆಜ್ಞೆ ಕೆತ್ತಿದ ಬಂಡೆಗೆ ಜನ ಇಟ್ಟ ಹೆಸರು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆ ಮಾರುವವರು ಅಂಗಡಿ ಹೂಡುತ್ತಿದ್ದದ್ದು ಅಲ್ಲೇ. ದೇವಾನಾಂಪ್ರಿಯನ ಅಕ್ಷರಗಳು ಸವೆದದ್ದರಲ್ಲಿ ಗಾಜಿನ ಬಳೆಗಳದ್ದೂ ಪಾಲಿರಬೇಕು.

ಮಾವನಿಗೆ ಅಶೋಕನಿಗಿಂತ ಹೆಚ್ಚು ಪ್ರೀತಿ ಆ ಶಾಸನದ ಬರವಣಿಗೆಯವನ ಮೇಲೆ. ಹೆಸರು ಚಪಡ. ಪ್ರಾಕೃತವನ್ನು ಬ್ರಾಹ್ಮಿಯಲ್ಲಿ ಬರೆದು ಮುಗಿಸಿದವನು, ಕೊನೆಗೆ ತಾನು ಲಿಪಿಕಾರನೆಂಬ ಮಾತೊಂದನ್ನು ಮಾತ್ರ ಗಾಂಧಾರದ ಕಡೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಈ ಸೀಮೆಯಲ್ಲಿ ಅದನ್ನು ಓದುವವರು ಯಾರಿದ್ದರೋ! "ಗುಮಾಸ್ತ ಅಂದ್ರೆ ಅವನಪ್ಪಾ" ಎನ್ನುವ ಮಾವ, ಕನ್ನಡದಲ್ಲಿ ಅರ್ಜಿ ಬರೆದು ಕೆಳಗೆ ಸಹಿ ಹಾಕುವುದು ತೆಲುಗಿನಲ್ಲಿ. ರಾಯದುರ್ಗದ ಹೈಸ್ಕೂಲಿನ ಋಣ.

ಈಚೆಗೆ ಅವರ ಅರ್ಜಿಗಳಲ್ಲಿ ಖಾರ ಹೆಚ್ಚಾಗಿದೆ. ಮೊಮ್ಮಗಳಿಗೆ ಸೀಟು ತಪ್ಪಿತು. ಗಡಿಯಾಚೆ ಬಳ್ಳಾರಿ ಕಡೆಯ ಅವಳ ಗೆಳತಿಗೆ ಸಂವಿಧಾನದ 371(ಜೆ) ಮೀಸಲಾತಿಯಲ್ಲಿ ಸಿಕ್ಕಿತು. ನಿಜಾಮ ಬಳ್ಳಾರಿ ಸೀಮೆಯನ್ನು 1800ರಲ್ಲೇ ಕಂಪನಿಗೆ ಬಿಟ್ಟುಕೊಟ್ಟ, ಮನ್ರೋ ಸಾಹೇಬ ಬಂದು ಕಂದಾಯ ಕಟ್ಟಿದ. ಮುಂದೆ ಆ ಸೀಮೆ ಮದ್ರಾಸಾಯಿತು, ಮೈಸೂರಾಯಿತು, ಹೈದರಾಬಾದಿಗಂತೂ ಮರಳಲಿಲ್ಲ. ಆದರೂ 2013ರಲ್ಲಿ ಜಾರಿಯಾದ ಸೌಲಭ್ಯದ ಲೆಕ್ಕಕ್ಕೆ ಅದು ಹೈದರಾಬಾದ್ ಕರ್ನಾಟಕ. ಅವರಿಗೆ ಸಿಕ್ಕಿದ್ದಕ್ಕೆ ಮಾವನಿಗೆ ಹೊಟ್ಟೆಕಿಚ್ಚಿಲ್ಲ. ಬದುವಿನ ಆಚೆಗೂ ಈಚೆಗೂ ಅದೇ ಶೇಂಗಾ, ಅದೇ ಕೈಕೊಡುವ ಮಳೆ. ಮೈಸೂರಿನವರಾಗಿದ್ದದ್ದೇ ನಮ್ಮ ಅಪರಾಧವೇ ಎಂಬುದಷ್ಟೇ ಅವರ ಪ್ರಶ್ನೆ.

ಇದನ್ನೆಲ್ಲ ಇಸವಿ ಸಮೇತ ನಾಲ್ಕು ಪುಟ ಬರೆದು, ಒಂದು ಕಚೇರಿಗೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದರು. ಬಂದ ಉತ್ತರ ಒಂದೇ ಸಾಲು: ಅರ್ಜಿದಾರರು ಕನ್ನಡದಲ್ಲಿ ಸಹಿ ಮಾಡಿ ಮರುಸಲ್ಲಿಸತಕ್ಕದ್ದು.

ಮಾವ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸೀಟಿನ ವಿಷಯ ಬಿಡಪ್ಪಾ. ಕ್ಷೇಮ ಕೇಳಿದ್ದೆನಲ್ಲ, ಅದಕ್ಕೂ ಜವಾಬಿಲ್ಲ!"